ಟರ್ಕಿಗೆ ನಂಚಿಕೊಳ್ಳಲು

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇನ್ನು ಮೂರು ದಿನವಿತ್ತು. ಸೋಮವಾರ ಸಂಜೆ ಗಂಡನ ಅಕ್ಕ ಗ್ವೆನ್ ಫೋನ್ ಮಾಡಿದಾಗ ವೆರೋನಿಕಾ ಆಗಷ್ಟೇ ಶಾಲೆಯ ಬಸ್ಸನ್ನು ಶೆಡ್ಡಿಗೆ ಬಿಟ್ಟು ಮನೆಗೆ ಬಂದಿದ್ದಳು. ಕಾಲಿನ ಬೂಟನ್ನೂ ಬಿಚ್ಚಿರಲಿಲ್ಲ.

"ರೋನಿ, ಒಂದು ಪೆನ್ಸಿಲ್ ತಗೋ," ಎಂದಳು ಗ್ವೆನ್. "ನಿನ್ನೆ ಚರ್ಚ್ ಮುಗಿಸ್ಕೊಂಡು ಎಲ್ರೂ ಅಮ್ಮನ ಮನೇಲಿ ಸೇರಿದ್ವಿ. ಟರ್ಕಿ ಕೋಳಿ ಜೊತೆ ಯಾರ್ಯಾರಿಗೆ ಏನೇನು ಇಷ್ಟ ಅಂತ ಕೇಳಿ ಪಟ್ಟಿ ಮಾಡಿದೀನಿ. ನಿಂಗೂ ಸುಲಭ ಆಗುತ್ತೆ ನೋಡು."

ಎಲ್ಲರೂ ಸೇರಿದ್ದರೆನ್ನುವುದು ರೋನಿಗೆ ಹೊಸ ಸುದ್ದಿ. ಅಮ್ಮನ ಮನೆಯ ಸೂರಿನ ದೋಣಿ ಸೋರುತ್ತಿದೆ, ಸರಿ ಮಾಡಿ ಬರುತ್ತೇನೆ ಎಂದು ಹೇಳಿ ಗಂಡ ಡೇಲ್ ಭಾನುವಾರ ಹೋಗಿದ್ದ. ಅಲ್ಲಿ ಊಟವಿತ್ತೆಂದು ಬಾಯಿಬಿಟ್ಟಿರಲಿಲ್ಲ. ಅವಳು ಪೆನ್ಸಿಲ್ ಹುಡುಕಿದಳು.

"ಬರ್ಕೋ. ಅಮ್ಮನಿಗೆ ಬ್ರೆಡ್ಡಿನ ಹೂರಣ. ಸೆಲರಿ ಸೊಪ್ಪು ಜಾಸ್ತಿ ಇರ್ಲಿ, ಹೋದ್ಸಲ ಬಾಯಿಗೇ ಸಿಗಲಿಲ್ಲ ಅಂದ್ಲು. ನಮ್ಮ ಕರ್ಟ್‌ಗೆ ಬೆಣ್ಣೆ ಹಾಕಿ ಮಸೆದ ಆಲೂಗಡ್ಡೆ, ಗಂಟು ಇರ್ಬಾರ್ದು. ನಂಗೆ ಗೆಣಸು. ಮೇಲೆ ಹಾಕೋ ಮಾರ್ಷ್‌ಮೆಲೊ ಮಿಠಾಯಿ ಕೆಂಪಗಾಗ್ಬೇಕು, ಕರಕಲಾಗ್ಬಾರ್ದು. ಮಕ್ಳಿಗೆ ಚೀಸಿನ ಮ್ಯಾಕರೋನಿ. ದೊಡ್ಡವಳು ಈಗ ಮಾಂಸ ಬಿಟ್ಟಿದಾಳೆ, ಅವಳಿಗೇಂತ ಹೂರಣ ಬೇರೆ ಪಾತ್ರೇಲಿ ಮಾಡಿಬಿಡು. ಡೇಲ್‌ಗೆ ಅದೇ, ಹುರುಳಿಕಾಯಿ, ಮೇಲೆ ಹುರಿದ ಈರುಳ್ಳಿ. ಜೋಳದ ಪುಡಿಂಗು. ಕ್ರ್ಯಾನ್‌ಬೆರಿ ಗೊಜ್ಜು ಎರಡು ಥರ, ಒಂದು ಹಣ್ಣು ಕಾಣೋ ಹಾಗೆ, ಒಂದು ನುಣ್ಣಗೆ. ಬರೆದ್ಯಾ?"

"ಬರೆದೆ."

"ಇನ್ನೊಂದು. ಬೇಜಾರು ಮಾಡ್ಕೋಬೇಡ ಮಾರಾಯ್ತಿ, ಆ ಹುಳಿ ಎಲೆಕೋಸು ಮಾತ್ರ ಈ ಸಲ ಬೇಡ. ಹೋದ ವರ್ಷ ಪರದೆಗೆಲ್ಲ ವಾಸನೆ ಹಿಡಿದಿತ್ತು."

ಯಾರ ಪರದೆ ಎಂದು ರೋನಿ ಕೇಳಬೇಕೆಂದುಕೊಂಡಳು. ಪರದೆ ಅವಳದು, ಮನೆ ಅವಳದು, ಒಲೆ ಅವಳದು. ಹತ್ತೊಂಬತ್ತು ವರ್ಷಗಳಿಂದ ಗಂಡನ ಕಡೆಯ ಟ್ರಿಂಬಲ್ ಮನೆತನದ ಹಬ್ಬದೂಟ ನಡೆಯುತ್ತಿದ್ದುದು ಅವಳ ಅಡುಗೆಮನೆಯಲ್ಲಿ. ಅಷ್ಟರಲ್ಲಿ ಗ್ವೆನ್ ಫೋನ್ ಇಟ್ಟಾಗಿತ್ತು.

ಆ ಎಲೆಕೋಸು ರೋನಿಯ ತಾಯಿ ಅಪೊಲೋನಿಯಾ ಮಾಡುತ್ತಿದ್ದದ್ದು. ಅವರು ಯೂರೋಪಿನ ಸ್ಲೊವಾಕ್ ಜನ. ಉಕ್ಕಿನ ಕಾರ್ಖಾನೆ ಕರೆದಾಗ ಹಿರಿಯರು ಬಂದು ಈ ನದಿಯ ದಂಡೆಯಲ್ಲಿ ನೆಲೆ ನಿಂತಿದ್ದರು. ಅಕ್ಟೋಬರಿನಲ್ಲಿ ಕೋಸನ್ನು ಎಳೆಎಳೆಯಾಗಿ ಹೆಚ್ಚಿ, ಉಪ್ಪು ತಿಕ್ಕಿ, ಜಾಡಿಗೆ ತುಂಬಿ, ಮೇಲೊಂದು ಕಲ್ಲು ಹೇರಿ ನೆಲಮಾಳಿಗೆಯಲ್ಲಿಟ್ಟರೆ ಹಬ್ಬದ ಹೊತ್ತಿಗೆ ಹದವಾಗಿ ಹುಳಿ ಬರುತ್ತಿತ್ತು. ಅದಕ್ಕೆ ಒಣ ಅಣಬೆ, ಹೊಗೆ ಹಿಡಿಸಿದ ಹಂದಿಮಾಂಸ, ನಾಲ್ಕು ಒಣ ಪ್ಲಮ್ ಹಣ್ಣು ಹಾಕಿ ಬೇಯಿಸುವುದು. ಟರ್ಕಿಯ ಸಪ್ಪೆ ಮಾಂಸಕ್ಕೆ ಅದನ್ನು ನಂಚಿಕೊಂಡರೆ ಬೇರೇನೂ ಬೇಡ. ರೋನಿ ಬೆಳೆದದ್ದೇ ಹಾಗೆ.

ಹೋದ ವರ್ಷ ಅಪೊಲೋನಿಯಾ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಎಪ್ಪತ್ತೆಂಟು ವರ್ಷದ ಹೆಂಗಸು, ಟವೆಲಿನಲ್ಲಿ ಸುತ್ತಿದ ಕೋಸಿನ ಬಟ್ಟಲನ್ನು ಮಗುವಿನ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು. ಊಟಕ್ಕೆ ಕುಳಿತಾಗ ಮೇಜಿನ ಮೇಲೆ ಆ ಬಟ್ಟಲು ಇರಲಿಲ್ಲ. ತಟ್ಟೆ ತರಲು ಅಡುಗೆಮನೆಗೆ ಹೋದ ತಾಯಿ ಮಗಳಿಬ್ಬರಿಗೂ ಕಿಟಕಿಯಲ್ಲಿ ಅದು ಒಟ್ಟಿಗೇ ಕಂಡಿತು. ಹಿತ್ತಿಲ ಮೆಟ್ಟಿಲ ಮೇಲೆ, ಕಸದ ಡಬ್ಬಿಯ ಪಕ್ಕ. ಮುಚ್ಚಳದ ಮೇಲೆ ಹಿಮ ಕೂರತೊಡಗಿತ್ತು.

ರೋನಿ ಬಾಯಿ ತೆರೆದಳು. ತಾಯಿ ಅವಳ ಮೊಣಕೈ ಹಿಡಿದುಕೊಂಡು, "ಇರ್ಲಿ ಬಿಡೇ. ತಣ್ಣಗಿದ್ರೆ ಕೆಡಲ್ಲ," ಎಂದಳು. ಆಮೇಲೆ ಒಳಗೆ ಹೋಗಿ ಎಲ್ಲರ ಜೊತೆ ಕುಳಿತು, ಗ್ವೆನ್‌ಳ ಗೆಣಸು ಚೆನ್ನಾಗಿದೆ ಎಂದು ಹೊಗಳಿದಳು. ಆ ಗೆಣಸನ್ನು ಬೇಯಿಸಿದ್ದೂ ರೋನಿಯೇ. ಮಾರ್ಚಿನಲ್ಲಿ ಅಪೊಲೋನಿಯಾ ತೀರಿಕೊಂಡಳು. ಅವತ್ತು ತಾನು ಬಟ್ಟಲನ್ನು ಒಳಗೆ ತರದೆ ಬಗ್ಗಿ ಒವನ್ನಿನ ಹುರುಳಿಕಾಯಿ ನೋಡಿದೆನಲ್ಲ ಎಂಬುದು ರೋನಿಗೆ ವರ್ಷವಿಡೀ ಎದೆಯೊಳಗೆ ಮುರಿದ ಮುಳ್ಳಿನಂತೆ ಚುಚ್ಚುತ್ತಿತ್ತು.

ತಾಯಿಯ ಜಾಡಿ ಈಗ ರೋನಿಯ ನೆಲಮಾಳಿಗೆಯಲ್ಲಿತ್ತು. ಅಕ್ಟೋಬರಿನಲ್ಲಿ ಅದಕ್ಕೆ ಕೋಸು ತುಂಬಿ ಕಲ್ಲು ಹೇರಿದ್ದಳು. ಯಾರಿಗಾಗಿ ಎಂದು ಯೋಚಿಸಿರಲಿಲ್ಲ.

ಮಂಗಳವಾರ ಸಂಜೆ ಅವಳು ಗ್ಯಾರೇಜಿಗೆ ಹೋದಳು. ಡೇಲ್ ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ತನ್ನ ಡ್ರಮ್ಮನ್ನು ತಂತಿಯ ಬ್ರಶ್ಶಿನಿಂದ ಉಜ್ಜುತ್ತಿದ್ದ. ಟರ್ಕಿ ಅವನ ಪಾಲಿನ ಕೆಲಸ. ಪ್ರತಿ ವರ್ಷ ಅವನು ಹಕ್ಕಿಯನ್ನು ಒಳಗೆ ತರುವಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು, ಗ್ವೆನ್‌ಳ ಗಂಡ ಕರ್ಟ್ ಫೋಟೋ ತೆಗೆಯುತ್ತಿದ್ದ. ಆಲೂಗಡ್ಡೆಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

"ಗ್ವೆನ್ ಪಟ್ಟಿ ಕೊಟ್ಟಿದಾಳೆ," ಎಂದಳು ರೋನಿ. "ಒಂಬತ್ತು ಪಾತ್ರೆ. ನಾಳೆ ಮಧ್ಯಾಹ್ನದವರೆಗೂ ನಂಗೆ ಬಸ್ಸಿದೆ."

"ವರ್ಷಕ್ಕೊಂದು ದಿನ ತಾನೇ ರೋನಿ."

"ನಿಂಗೂ ವರ್ಷಕ್ಕೊಂದೇ ದಿನ. ನಿಂದು ಒಂದು ಕೋಳಿ."

"ಟರ್ಕಿ ಅಂದ್ರೆ ಸುಮ್ನೇನಾ? ಇಡೀ ದಿನ ಉಪ್ಪುನೀರಲ್ಲಿ ಕೂತಿರ್ಬೇಕು."

"ಕೂತಿರೋದು ಟರ್ಕಿ. ನೀನಲ್ಲ."

ಡೇಲ್ ನಕ್ಕ. ಅವಳು ನಗಲಿಲ್ಲ. "ನಿನ್ನಕ್ಕ ಎಲೆಕೋಸು ಬೇಡ ಅಂದ್ಲು. ಅಮ್ಮನ ಬಟ್ಟಲನ್ನ ಕಸದ ಪಕ್ಕ ಇಟ್ಟಿದ್ದು ಸಾಲದೂಂತ. ನಾಡಿದ್ದು ಅವಳು ಬಂದಾಗ ನಾನು ಕೇಳೋಳೇ."

ಡೇಲ್ ಉಜ್ಜುವುದನ್ನು ನಿಲ್ಲಿಸಿದ. ಬ್ರಶ್ಶಿನ ಮಸಿಯನ್ನು ಬೆರಳಿನಿಂದ ಕೊಡವಿದ. "ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ."

"ಯಾಕೆ ಕೆದಕ್ಬಾರ್ದು?"

"ಗ್ವೆನ್ ಇಟ್ಟಿದ್ದಲ್ಲ ಅದು."

"ಮತ್ತೆ?"

"ನಾನೇ ಇಟ್ಟೆ. ವಾಸನೆ ತಡ್ಯಕ್ಕಾಗ್ತಿಲ್ಲ ಅಂತ ಅವಳು ಗೊಣಗ್ತಿದ್ಲು, ಊಟದ ಹೊತ್ತಲ್ಲಿ ರಗಳೆ ಬೇಡಾಂತ ತಗೊಂಡೋಗಿ ಹೊರಗಿಟ್ಟೆ. ಆಮೇಲೆ ಒಳಗೆ ತರೋಣ ಅಂದ್ಕೊಂಡಿದ್ದೆ. ಮರೆತೇಹೋಯ್ತು."

ಒಂದು ವರ್ಷ ರೋನಿ ಗ್ವೆನ್‌ಳನ್ನು ಮನಸ್ಸಿನಲ್ಲೂ ಡೇಲ್‌ನ ಮುಂದೆಯೂ ಬೈದಿದ್ದಳು. ಬಸ್ಸು ಓಡಿಸುವಾಗ, ಬಟ್ಟೆ ಮಡಿಸುವಾಗ, ತಾಯಿಯ ಹೆಣದ ಪಕ್ಕ ಕೂತಾಗ ಕೂಡ. ಆ ಹೊತ್ತಿನಲ್ಲಿ ಅವಳ ಕೈ ಹಿಡಿದುಕೊಂಡು ಕೂತಿದ್ದವನು ಈ ಡೇಲ್.

"ಗೊತ್ತಿದ್ದೂ ವರ್ಷ ಪೂರ್ತಿ ನನ್ನ ಬಾಯಲ್ಲಿ ಅವಳನ್ನ ಬೈಸ್ದೆಯಲ್ಲ."

"ಒಂದು ಬಟ್ಟಲು ಕೋಸು ಕಣೇ ರೋನಿ."

ಅವಳು ಗ್ಯಾರೇಜಿನ ಬಾಗಿಲನ್ನು ಎಳೆದ ರಭಸಕ್ಕೆ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಗರಗಸ ಕೆಳಗೆ ಬಿತ್ತು.

ಬುಧವಾರ ಶಾಲೆ ಅರ್ಧ ದಿನ. ಮಕ್ಕಳನ್ನೆಲ್ಲ ಅವರವರ ತಿರುವಿನಲ್ಲಿ ಇಳಿಸಿ ವಾಪಸು ಬರುವಾಗ ದಿನಸಿ ಅಂಗಡಿ ಎದುರಾಯಿತು. ಜನ ಗಾಡಿ ತಳ್ಳಿಕೊಂಡು ಗೆಣಸು, ಆಲೂಗಡ್ಡೆ, ಸೆಲರಿ ಹೊರುತ್ತಿದ್ದರು. ರೋನಿ ಬಸ್ಸಿನ ವೇಗ ತಗ್ಗಿಸಲಿಲ್ಲ. ಮನೆಗೆ ಬಂದವಳು ನೇರ ನೆಲಮಾಳಿಗೆಗೆ ಇಳಿದು, ಕಲ್ಲು ತೆಗೆದು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಹುಳಿ ಕಿವಿಯವರೆಗೂ ಏರಿತು. ತಾಯಿಯದಕ್ಕಿಂತ ಉಪ್ಪು ತುಸು ಮುಂದಾಗಿತ್ತು. ಇರಲಿ ಎಂದುಕೊಂಡಳು.

ಗುರುವಾರ ನಸುಕಿಗೇ ಎದ್ದು ಡ್ರಮ್ಮಿಗೆ ಬೆಂಕಿ ಹಾಕಿದ್ದ ಡೇಲ್ ಹತ್ತು ಗಂಟೆಗೆ ಕಾಫಿಗೆಂದು ಒಳಗೆ ಬಂದ. ಅಡುಗೆಕಟ್ಟೆ ಖಾಲಿ. ಒಲೆಯ ಮೇಲೆ ಒಂದೇ ಒಂದು ದೊಡ್ಡ ಪಾತ್ರೆ ಕುದಿಯುತ್ತಿತ್ತು. ಮನೆಯೆಲ್ಲ ಹುಳಿ ಮತ್ತು ಹೊಗೆಮಾಂಸದ ಘಮ.

"ಉಳಿದದ್ದೆಲ್ಲ ಯಾವಾಗ ಶುರು ಮಾಡ್ತೀಯ?"

"ಮಾಡಲ್ಲ."

ಅವನು ಅವಳ ಮುಖ ನೋಡಿದ. ಸಿಟ್ಟಿಗೆ ಹೇಳುತ್ತಿದ್ದಾಳೆ, ಎಲ್ಲೋ ಫ್ರಿಜ್ಜಿನಲ್ಲಿ ಮಾಡಿಟ್ಟಿರುತ್ತಾಳೆ ಎಂದುಕೊಂಡನೋ ಏನೋ, ಕಾಫಿ ಹಿಡಿದುಕೊಂಡು ಹೊರಗೆ ಹೋದ. ಫ್ರಿಜ್ಜನ್ನು ತೆರೆದು ನೋಡುವಷ್ಟು ಕೂಡ ಅವನಿಗೆ ತೋಚಲಿಲ್ಲ.

ಎರಡು ಗಂಟೆಗೆ ಎಲ್ಲರೂ ಬಂದರು. ಅತ್ತೆ ಮ್ಯಾಕ್ಸೀನ್, ಗ್ವೆನ್, ಕರ್ಟ್, ಅವರ ಮೂರು ಮಕ್ಕಳು. ಗ್ವೆನ್ ಬಾಗಿಲಲ್ಲೇ ಮೂಗು ಅರಳಿಸಿ ಒಳಗೆ ಬಂದಳು. ಬಿಳಿ ಹಾಸಿನ ಮೇಜು, ಒಳ್ಳೆಯ ತಟ್ಟೆಗಳು, ನಡುವೆ ಮುಚ್ಚಿದ ಒಂದು ಪಾತ್ರೆ. ಡೇಲ್ ಹಕ್ಕಿಯನ್ನು ತಂದ. ಚಪ್ಪಾಳೆಯಾಯಿತು, ಫೋಟೋ ಆಯಿತು. ಎಲ್ಲರೂ ಕುಳಿತರು. ಮ್ಯಾಕ್ಸೀನ್ ಪ್ರಾರ್ಥನೆ ಹೇಳಿ ಕಣ್ಣು ತೆರೆದಳು. ಆಮೇಲೂ ಮೇಜಿಗೆ ಬೇರೇನೂ ಬರಲಿಲ್ಲ.

"ನಾನೂ ಒಳಗಿಂದ ತರ್ಲಾ?" ಎಂದಳು ಗ್ವೆನ್.

"ತರೋದೇನಿಲ್ಲ. ಇಷ್ಟೇ." ರೋನಿ ಮುಚ್ಚಳ ತೆಗೆದಳು.

ಕರ್ಟ್ ಇಣುಕಿ ನೋಡಿ, "ತಮಾಷೆ ಮಾಡ್ತಿದೀಯ ತಾನೇ?" ಎಂದ.

"ನಿಮ್ಮೆಲ್ರ ಇಷ್ಟಾನೂ ಬರ್ಕೊಂಡಿದೀನಿ," ಎಂದಳು ರೋನಿ. "ಹತ್ತೊಂಬತ್ತು ವರ್ಷದಿಂದ ಬಾಯಿಪಾಠ. ಆಲೂಗಡ್ಡೆಗೆ ಗಂಟಿರ್ಬಾರ್ದು, ಗೆಣಸು ಕರಕಲಾಗ್ಬಾರ್ದು. ನಂಗೆ ಯಾವುದಿಷ್ಟ, ಯಾರಾದ್ರೂ ಒಬ್ರು ಹೇಳಿ ನೋಡೋಣ."

ಮಕ್ಕಳು ತಾಯಿಯ ಮುಖ ನೋಡಿದರು.

"ಊಟಕ್ಕೆ ಕರೆದು ಹೀಗಾ ಅವಮಾನ ಮಾಡೋದು?" ಎಂದಳು ಮ್ಯಾಕ್ಸೀನ್.

"ನಮ್ಮಮ್ಮನೂ ಊಟಕ್ಕೇ ಬಂದಿದ್ಳು. ಎರಡು ಬಸ್ಸು ಹತ್ತಿ. ಅವಳ ಬಟ್ಟಲನ್ನ ಕಸದ ಡಬ್ಬಿ ಪಕ್ಕ ಇಟ್ರಿ. ಅವಳು ನೋಡಿದ್ಳು ಅದನ್ನ."

"ನಾನು ಮುಟ್ಟೇ ಇಲ್ಲ ಅದನ್ನ," ಎಂದಳು ಗ್ವೆನ್, ತಕ್ಷಣ.

ಅದು ನಿಜವೆಂದು ರೋನಿಗೆ ಗೊತ್ತಿತ್ತು. ಅವಳು ಡೇಲ್‌ನ ಕಡೆ ತಿರುಗಿ ಕಾದಳು. ಅವನ ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ಉದ್ದನೆಯ ಫೋರ್ಕು. ಟರ್ಕಿಯ ಎದೆಯನ್ನೇ ನೋಡುತ್ತಿದ್ದ.

"ಹೇಳು," ಎಂದಳು.

"ನಾನೇ ಹೊರಗಿಟ್ಟಿದ್ದು," ಎಂದ ಡೇಲ್, ಯಾರನ್ನೂ ನೋಡದೆ.

"ನೋಡಿದ್ಯಾ, ಅಮ್ಮ?" ಗ್ವೆನ್ ಎದ್ದು ನಿಂತಳು. "ಸುಮ್‌ಸುಮ್ನೆ ನನ್ನ ತಲೆಗೆ ಕಟ್ಟೋಕೆ ಬಂದ್ಲು."

"ನೀನು ಮೂಗು ಮುಚ್ಚಿದೆ, ಅವನು ಎತ್ತಿಟ್ಟ. ನಾನು ನೋಡ್ಕೊಂಡು ಸುಮ್ನಿದ್ದೆ. ಮೂರೂ ಜನ ಸೇರಿ ಮಾಡಿದ್ದು. ಕೂತ್ಕೊಂಡು ತಿನ್ನೋದಾದ್ರೆ ತಿನ್ನು. ಇಲ್ದಿದ್ರೆ ಬಾಗಿಲು ಅಲ್ಲಿದೆ."

ಗ್ವೆನ್ ಕೋಟು ಎತ್ತಿಕೊಂಡಳು. ಮಕ್ಕಳು ಹಿಂದೆ ಹೋದರು. ಕರ್ಟ್ ಒಂದು ಕ್ಷಣ ಅತ್ತಿತ್ತ ನೋಡಿ, ಟರ್ಕಿಯ ಒಂದು ಕಾಲನ್ನು ತಿರುವಿ ಕಿತ್ತು, ಕರವಸ್ತ್ರದಲ್ಲಿ ಸುತ್ತಿಕೊಂಡು ಅವರ ಹಿಂದೆ ಓಡಿದ. ಮ್ಯಾಕ್ಸೀನ್ ಕೊನೆಗೆ ಹೊರಟಳು. ಬಾಗಿಲಲ್ಲಿ ನಿಂತು, "ಆ ಬಟ್ಟಲಿನ ವಿಷಯ ಒಬ್ರೂ ನಂಗೆ ಹೇಳ್ಲಿಲ್ಲ," ಎಂದಳು. ಅದು ಬೈಗುಳವೋ ಬೇರೇನೋ ರೋನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಆಗ ಅವಳಿಗಿರಲಿಲ್ಲ.

ಕಾರಿನ ಸದ್ದು ದೂರವಾದ ಮೇಲೆ ರೋನಿ ಕುಳಿತು ಟರ್ಕಿಯ ಎರಡು ಹೋಳು ಹಾಕಿಕೊಂಡಳು, ಪಕ್ಕಕ್ಕೆ ಕೋಸು ಬಡಿಸಿಕೊಂಡಳು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಬಿಡದೆ ಅಗಿದಳು. ಡೇಲ್ ಎದುರಿಗೆ ಕುಳಿತ. ಕೋಸಿನ ಪಾತ್ರೆಯ ಕಡೆ ಕೈ ಚಾಚಿದ.

"ಮುಟ್ಬೇಡ ಅದನ್ನ," ಎಂದಳು ರೋನಿ.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಮಾಂಸ ಒಣಗಿತ್ತು. ನೀರು ಕುಡಿಕುಡಿದು ನುಂಗಿದ. ಅವಳು ಎರಡನೇ ಸಲ ಬಡಿಸಿಕೊಂಡಳು.

ಹಕ್ಕಿ ದೊಡ್ಡದು. ಡೇಲ್ ನಾಲ್ಕು ದಿನ ಅದನ್ನೇ ಬ್ರೆಡ್ಡಿಗೆ ಸಾಸಿವೆ ಸವರಿ ತಿಂದ. ಐದನೆಯ ದಿನ ಬೆಳಗ್ಗೆ ಅವಳು ಬಸ್ಸಿಗೆ ಹೊರಟಾಗ ಅಂಗಳದವರೆಗೂ ಬಂದು, "ನಿಮ್ಮಮ್ಮನಿಗೆ ತಪ್ಪಾಯ್ತು ಅಂತ ಹೇಳ್ಬೇಕಿತ್ತು ನಾನು," ಎಂದ.

"ಹೌದು, ಹೇಳ್ಬೇಕಿತ್ತು. ಬದುಕಿದ್ಳಲ್ಲ ಇನ್ನೂ ನಾಲ್ಕು ತಿಂಗಳು," ಎಂದು ಅವಳು ಗೇಟು ಹಾಕಿಕೊಂಡಳು. ಉಳಿದ ಕೋಸನ್ನು ಸೀಸೆಗಳಿಗೆ ತುಂಬಿ ತನ್ನ ಚರ್ಚಿನ ಮುದುಕಿಯರಿಗೆ ಹಂಚಿದಳು. ಮನೆಯಲ್ಲಿ ಒಂದು ಚಮಚವನ್ನೂ ಉಳಿಸಲಿಲ್ಲ.

ಮುಂದಿನ ನವೆಂಬರಿನಲ್ಲಿ ಗ್ವೆನ್ ಫೋನ್ ಮಾಡಲಿಲ್ಲ. ರೋನಿಯೇ ಮ್ಯಾಕ್ಸೀನ್‌ಗೆ ಫೋನ್ ಮಾಡಿ, "ನಾನು ಕೋಸು, ಜೋಳದ ಪುಡಿಂಗು ಎರಡೇ ಮಾಡೋದು. ಬೇರೆ ಬೇಕಾದವ್ರು ಮಾಡ್ಕೊಂಡು ಬನ್ನಿ," ಎಂದಳು. ಗ್ವೆನ್‌ಳ ಮನೆಯವರು ಬರಲಿಲ್ಲ. ಮ್ಯಾಕ್ಸೀನ್ ಬಂದಳು, ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಸೆದ ಆಲೂಗಡ್ಡೆ ಹಿಡಿದುಕೊಂಡು. ಅದರ ತುಂಬ ಗಂಟು. ಅವಳು ಅದನ್ನು ಮೇಜಿನ ಮೇಲಿಟ್ಟು, ಕೋಟು ಬಿಚ್ಚಿ, "ಹೂರಣ ಮಾಡೋಕೆ ಈ ಮಂಡಿ ಬಿಡಲಿಲ್ಲ," ಎಂದಳು. ರೋನಿ ಆ ಡಬ್ಬಿಗೊಂದು ಚಮಚ ಹಾಕಿ, ಅವಳಿಗೆ ಕುರ್ಚಿ ಎಳೆದಿಟ್ಟಳು. ಡೇಲ್ ಹಕ್ಕಿಯನ್ನು ತಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಮಾಂಸ ಕತ್ತರಿಸಿ ಮೊದಲ ಹೋಳನ್ನು ಹೆಂಡತಿಯ ತಟ್ಟೆಗೆ ಹಾಕಿದ. ರೋನಿ ಅದನ್ನು ತಿಂದಳು. ಕೋಸಿನ ಪಾತ್ರೆಯನ್ನು ಮ್ಯಾಕ್ಸೀನ್ ಕಡೆಗೆ ಮಾತ್ರ ಸರಿಸಿದಳು.