ಹಬ್ಬದೂಟ ಮುಗಿಯುವವರೆಗೆ

ಸತ್ತ ರಾಚಮ್ಮನ ಹಣೆಗೆ ವಿಭೂತಿ ಬಳಿದು, ಅವಳ ಜೊತೆಗಾತಿ ಚಿಕ್ಕಬಸಮ್ಮ ಇನ್ನೇನು ಗೋಳು ತೆಗೆಯುವುದರಲ್ಲಿದ್ದಳು. ಅಷ್ಟರಲ್ಲಿ ಊರ ಯಜಮಾನ ಪುಟ್ಟಮಾದಪ್ಪ ಒಳಗೆ ನುಗ್ಗಿ ಬಾಗಿಲ ಅಗುಳಿ ಹಾಕಿದ.

"ದನಿ ತಗೀಬ್ಯಾಡ ಕಣಕ್ಕ, ನಿನ್ ಕಾಲಿಗ್ ಬೀಳ್ತೀನಿ."

"ಯಾಕಪ್ಪ?"

"ಇವತ್ತು ಯುಗಾದಿ. ಸುದ್ದಿ ಒರಗಡೆ ಬಿದ್ರೆ ಊರಲ್ಲಿ ಒಂದು ಒಲೆನೂ ಉರಿಯಂಗಿಲ್ಲ. ಅಳೀಮಯ್ಯ ಮೊದಲ್ನೇ ಅಬ್ಬಕ್ಕೆ ಯಳಂದೂರಿಂದ ಬಂದವ್ನೆ. ಎಡೆ ಇಕ್ಕಿ, ಎಲ್ರೂ ಒಂದು ತುತ್ತು ಉಂಡ್ಕಳ್ಲಿ. ಆಮೇಕೆ ಎಷ್ಟಾದ್ರೂ ಅಳು."

ಊರಲ್ಲಿ ಹೆಣವಿದ್ದರೆ ಹೊತ್ತಿದ ಒಲೆಯನ್ನೂ ಆರಿಸಬೇಕು, ಅದು ಕಟ್ಟಳೆ. ಆದರೆ ಗೋಳು ಕೇಳಿದ ಮೇಲೆಯೇ ಅದು ಹೆಣ.

"ಇವ್ಳೇನು ಎದ್ದು ಓಡೋದಾಳಾ? ಮಕ್ಕಳಿಲ್ಲ, ಮರಿಯಿಲ್ಲ. ಕಾಯೋರಾದ್ರೂ ಯಾರವ್ರೆ?"

"ನಾನಿವ್ನಿ," ಎಂದಳು ಚಿಕ್ಕಬಸಮ್ಮ.

* * *

ರಾಚಮ್ಮ ಕಾಮಗೆರೆ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯುವ ಆಳು. ಕೂಲಿಯಿಲ್ಲದ ಕೆಲಸವೊಂದು ಅವಳಿಗಿತ್ತು. ಯಾರು ಸತ್ತರೂ ತಲೆಯ ಬಳಿ ಕೂತು, ಅವರ ಬಾಳನ್ನೆಲ್ಲ ಹಾಡಿಕೊಂಡು ಅಳುವಳು. ಇಲ್ಲದ್ದನ್ನು ಒಂದು ಮಾತೂ ಸೇರಿಸುತ್ತಿರಲಿಲ್ಲ. ಅದಕ್ಕೇ ಜನ ಅವಳ ಬಾಯಿಗೆ ಹೆದರುತ್ತಿದ್ದರು.

ಪ್ರತಿ ಯುಗಾದಿಗೂ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, ಚಾವಡಿಯಲ್ಲಿ ಕೂತವರನ್ನು ಕೆಣಕುವಳು:

"ಲೇ ಮುತ್ತಯ್ಯ, ಈ ವರ್ಸನಾರೂ ಒಂದು ಒಳ್ಳೆ ಕೆಲ್ಸ ಮಾಡ್ಲಾ. ನೀ ಸತ್ರೆ ನಾನು ಏನಂತ ಅಳ್ಲಿ? ಬೀಡಿ ಸೇದ್ದ, ಸೇದ್ದ, ಸೇದ್ದ ಅಂತ್ಲಾ?"

ಎಲ್ಲರೂ ಬಿದ್ದು ಬಿದ್ದು ನಗುವರು. ಮನೆಗೆ ಹೋದ ಮೇಲೆ ಮಾತ್ರ ಒಬ್ಬೊಬ್ಬನೇ ಯೋಚನೆಗೆ ಬೀಳುವನು. ಆ ಮಾತು ಕೇಳಿದ ಬೇಸಗೆಯಲ್ಲೇ ಮುತ್ತಯ್ಯ ಹನೂರು ರಸ್ತೆಯ ಹುಣಸೆ ಮರದ ಕೆಳಗೆ ದಾರಿಹೋಕರಿಗೆ ನೀರಿನ ಮಡಕೆ ಇಟ್ಟ.

ಪುಟ್ಟಮಾದಪ್ಪನ ಅಪ್ಪ ಸತ್ತದ್ದು, ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ದೀಪಾವಳಿ ದಿನ. ಆ ಕಲ್ಲುಮನುಷ್ಯನಿಗೆ ಯಾರ ಕಣ್ಣೂ ಒದ್ದೆಯಾಗಲಿಲ್ಲ. ರಾಚಮ್ಮ ಒಲೆಯ ಮೇಲಿನ ಕಡುಬು ಬಿಟ್ಟು ಬಂದವಳು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ, ಬಾವಿಗೆ ಬಿದ್ದ ಬಡವರ ಕರುವೊಂದನ್ನು ಅವನು ಹೆಗಲ ಮೇಲೆ ಹೊತ್ತು ತಂದದ್ದನ್ನು ಎತ್ತಿ ಹಾಡಿದಳು. ಪುಟ್ಟಮಾದಪ್ಪ ಅಪ್ಪನಿಗಾಗಿ ಅತ್ತದ್ದು ಆಗಲೇ.

* * *

"ನಿಮ್ಮಪ್ಪ ಸತ್ತದ್ದೂ ಅಬ್ಬದ ದಿನಾನೇ," ಎಂದಳು ಚಿಕ್ಕಬಸಮ್ಮ. "ಆವತ್ತು ಊರ ಒಲೆನೆಲ್ಲ ನೀನೇ ನಿಂತು ಆರಿಸ್ದೆ."

"ಅದು ಯಜಮಾನ್ರ ಸಾವು ಕಣಕ್ಕ. ಇದು..."

"ಇದು? ಮಾತ್ ಮುಗ್ಸು, ಯಾಕ್ ನಿಲ್ಸ್ಬುಟ್ಟೆ? ಇದು ಸಾವಲ್ವಾ?"

ಅಲ್ಲಿಯವರೆಗೆ ತಗ್ಗಿದ್ದ ಚಿಕ್ಕಬಸಮ್ಮನ ದನಿ ಏರಿತು.

"ಲೇ ಪುಟ್ಟಮಾದ, ನಿಮ್ಮಪ್ಪನಲ್ಲಿ ಒಂದು ಒಳ್ಳೇದ ಉಡುಕೋಕೆ ಇವ್ಳು ಎಷ್ಟು ಒದ್ದಾಡಿದ್ಲು ಗೊತ್ತೇನ್ಲಾ? ಇವ್ಳಿಗೆ ಅಳೋಕೆ ನಿನ್ ಅಳೀಮಯ್ಯ ಉಂಡು ಕೈ ತೊಳೀಬೇಕಾ? ಸರೀಲಾ ಅತ್ಲಾಗೆ!"

ಅವನನ್ನು ತಳ್ಳಿ ಅಗುಳಿ ತೆಗೆದಳು. ಅವಳಿಗೆ ಹಾಡಲು ಬರುತ್ತಿರಲಿಲ್ಲ. ಮೂವತ್ತು ವರ್ಷ ರಾಚಮ್ಮನ ಪಕ್ಕ ಕೂತು ಮೂಗು ಒರೆಸಿಕೊಂಡದ್ದಷ್ಟೆ. ಹೊಸ್ತಿಲ ಮೇಲೆ ಕೂತು, ಒಡೆದ ದನಿಯಲ್ಲೇ ಶುರುಮಾಡಿದಳು:

"ಊರೋರ ಬಾಳೆಲ್ಲ ಎತ್ತಿ ಅತ್ತೋಳೇ, ನನ್ನವ್ವಾ... ನಿನ್ನ ಬಾಳ ಎತ್ತಿ ಅಳೋಕೆ ಗಳಿಗೆ ನೋಡ್ತಾವ್ರಲ್ಲೇ, ನನ್ನವ್ವಾ..."

ಬೀದಿಯ ಗದ್ದಲ ನಿಂತಿತು. ಯಾರ ಮನೆಯಿಂದಲೂ ಯಾರೂ ಹೊರಗೆ ಬರಲಿಲ್ಲ. ಚಿಕ್ಕಬಸಮ್ಮ ಬಿಡಲಿಲ್ಲ, ಮತ್ತೆ ಎತ್ತಿದಳು.

ಮೊದಲು ಬಂದವಳು ಕೆಂಪಾಜಮ್ಮ, ಪುಟ್ಟಮಾದಪ್ಪನ ಹೆಂಡತಿಯೇ.

"ಒಲೆಗೆ ನೀರು ಸುರುದ್ಬುಟ್ಟೆ," ಎಂದಳು ಗಂಡನ ಕಡೆ ನೋಡದೆ.

"ಅಳೀಮಯ್ಯ?"

"ಬತ್ತಾವ್ನೆ, ಬಿದಿರು ಕಡಿಯೋಕೆ. ನೀವೂ ಓಗಿ ಮಚ್ಚು ತಕಬನ್ನಿ."

ಅವಳು ಹೆಣದ ತಲೆಯ ಬಳಿ ಕೂತಳು. ಒಬ್ಬಟ್ಟಿನ ಹೂರಣ ಮೊಣಕೈವರೆಗೂ ಮೆತ್ತಿತ್ತು. ಒಂದೊಂದಾಗಿ ನೊಣಗಳು ಬಂದು ಆ ಸಿಹಿಯ ಮೇಲೆ ಕೂತವು. ಕೆಂಪಾಜಮ್ಮ ಕೊಡವಿಕೊಳ್ಳದೆ, ರಾಚಮ್ಮನ ಮುಖದ ಮೇಲೆ ಕೂರಬಂದ ನೊಣಗಳನ್ನಷ್ಟೇ ಸೆರಗಿನಿಂದ ಅಟ್ಟುತ್ತ, ಚಿಕ್ಕಬಸಮ್ಮನ ದನಿಗೆ ದನಿಗೂಡಿಸಿದಳು.