ಬಾಯಿ ಹೊರಗಿಟ್ಟ ಚೀಲಗಳು

"ಏ ಕೆಂಚ, ನೀನು ಓದಿರಾದೇ ಎಂಟನೇ ಕ್ಲಾಸು. ಅದ್ರಾಗೂ ಆರನೇ ಕ್ಲಾಸ್‌ನಾಗೆ ಎರಡು ವರ್ಷ ಕುಂತಿದ್ದೆ ಅಂತ ನಿಮ್ಮಪ್ಪನೇ ಹೇಳ್ಯಾನೆ. ಸಿಸ್ಟಮ್‌ನಾಗೆ ತಪ್ಪು ಹುಡುಕಾಕೆ ಎದ್ದು ನಿಂತ್ಯಾ? ತಗ, ಬಾ ಇಲ್ಲಿ. ನಿನ್ನ ಹೆಸ್ರನ್ನ ಇಂಗ್ಲಿಷ್‌ನಾಗೆ ಬರಿ. ಬರುದ್ರೆ ಇವತ್ತಿನ ಪಾಠ ನೀನೇ ಮಾಡು."

ವಿನಯ್ ಕುಮಾರ್ ಬೋರ್ಡಿನ ಪೆನ್ನನ್ನು ಮುಂದಕ್ಕೆ ಚಾಚಿ ನಿಂತಿದ್ದ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯಲ್ಲಿದ್ದ ಅವರಪ್ಪ ಬೆನಕಪ್ಪ ಸಾವ್ಕಾರ್ರ ರೈಸ್ ಮಿಲ್ಲಿನ ಶೆಡ್ಡದು. ನೆಲಕ್ಕೆ ಖಾಲಿ ಚೀಲ ಹಾಸಿಕೊಂಡು ಕೂತಿದ್ದ ಹದಿನೆಂಟು ಜನ ಹಮಾಲರು, ತೂಕದ ಕೋಣೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅರ್ಪಿತಾ, ಚಾ ಕುಡಿಯುತ್ತಿದ್ದ ಇಬ್ಬರು ಲಾರಿ ಡ್ರೈವರುಗಳು, ದಾವಣಗೆರೆಯಿಂದ ಪಾಠ ಹೇಳಲು ಬಂದಿದ್ದ ಟ್ರೈನರ್, ಎಲ್ಲರೂ ಮೊದಲು ಪೆನ್ನನ್ನು ನೋಡಿದರು, ಆಮೇಲೆ ಗೋಡೌನ್ ನೋಡಿಕೊಳ್ಳುವ ಕೆಂಚೇಶನ ಮುಖ ನೋಡಿದರು. ಯಾರೋ ಕಿಸಕ್ಕೆಂದ. ಅಷ್ಟೇ ಸಾಕಾಗಿತ್ತು. ಎಲ್ಲರಿಗಿಂತ ಗಟ್ಟಿಯಾಗಿ, ತೊಡೆ ತಟ್ಟಿಕೊಂಡು ನಕ್ಕವನು ದುರುಗಪ್ಪ. ಕೆಂಚೇಶ ಬಾಯಿ ತುಂಬ ಮಾವ ಎಂದು ಕರೆಯುತ್ತಿದ್ದ, ಐದು ವರ್ಷದ ಹಿಂದೆ ಕೈಹಿಡಿದು ಈ ಮಿಲ್ಲಿಗೆ ಕರೆತಂದಿದ್ದ ದುರುಗಪ್ಪ.

ಕೆಂಚೇಶ ಕೇಳಿದ್ದು ಅಂಥ ದೊಡ್ಡ ಮಾತೇನೂ ಅಲ್ಲ. ಟ್ರೈನರ್ ಬೋರ್ಡಿನ ಮೇಲೆ ಮೂರು ಚೌಕ ಬರೆದಿದ್ದ. ಒಂದರಿಂದ ಡೇಟಾ ಒಳಗೆ ಹೋಗುತ್ತದೆ, ನಡುವಿನದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತದೆ, ಮೂರನೆಯದರಿಂದ ಮಾಹಿತಿ ಹೊರಗೆ ಬರುತ್ತದೆ. "ಇನ್ಮೇಲೆ ಯಾವ ವಿಷಯವೂ ಯಾರ ತಲೆಯಲ್ಲೂ ಇರಬಾರದು, ಎಲ್ಲ ಸಿಸ್ಟಮ್‌ನಲ್ಲಿರಬೇಕು. ನಾಳೆ ಒಬ್ಬರು ಕೆಲಸ ಬಿಟ್ಟು ಹೋದರೂ ವ್ಯಾಪಾರ ನಿಲ್ಲಬಾರದು, ಅದಕ್ಕೇ ಇದೆಲ್ಲ" ಎಂದಿದ್ದ. ಆಮೇಲೆ ಕಪ್ಪು ಗೆರೆಗಳಿದ್ದ ಒಂದು ಚೀಟಿ ತೋರಿಸಿದ. ಚೀಲದ ಬಾಯಿ ಹೊಲಿಯುವಾಗ ಈ ಚೀಟಿಯನ್ನೂ ಸೇರಿಸಿ ಹೊಲಿಯಬೇಕು. ಆ ಗೆರೆಗಳಿಗೆ ಸ್ಕ್ಯಾನರ್ ಗನ್ನು ಹಿಡಿದರೆ ಸಾಕು, ಯಾವ ರೈತನ ಭತ್ತ, ಎಷ್ಟು ತೂಕ, ಯಾವ ದಿನ ಬಂತು, ಎಲ್ಲ ಪರದೆಯ ಮೇಲೆ. ಗನ್ನಿಗೆ ಕಾಣಬೇಕಾದ್ದರಿಂದ ಗೋಡೌನಿನ ಅಷ್ಟೂ ಚೀಲಗಳ ಬಾಯಿ ಹೊರಕ್ಕೆ, ಓಡಾಡುವ ದಾರಿಯ ಕಡೆಗೆ ಬರಬೇಕು.

"ಸಾರ್, ಹಂಗಾದ್ರೆ ಹಸಿ ಚೀಲ ಯಾವ್ದು ಅಂತ ಗೊತ್ತಾಗಾದು ಹೆಂಗೆ?" ಎಂದಿದ್ದ ಕೆಂಚೇಶ.

ಆ ಗೋಡೌನಿನ ಪದ್ಧತಿ ಎಲ್ಲೂ ಬರೆದಿಟ್ಟದ್ದಲ್ಲ. ಒಣಗಿದ ಭತ್ತದ ಚೀಲವನ್ನು ಬಾಯಿ ಒಳಕ್ಕೆ ಮಾಡಿ ಒಟ್ಟುತ್ತಾರೆ. ಹಸಿ ಉಳಿದ ಭತ್ತದ ಚೀಲವಾದರೆ ಬಾಯಿ ಹೊರಕ್ಕೆ. ದಾರಿಯಲ್ಲಿ ನಡೆಯುವವನಿಗೆ ಹೊಲಿಗೆ ಕಂಡಿತೋ, ಚೀಲ ಒಟ್ಟಿದ ಈ ಲಾಟು ಐದು ವರಸೆಗಿಂತ, ಎಂದರೆ ಐದು ಚೀಲದೆತ್ತರಕ್ಕಿಂತ, ಮೇಲೇರಬಾರದು, ಇದನ್ನು ಮೊದಲು ಬಿಚ್ಚಿ ಬಿಸಿಲಿಗೆ ಹರವಬೇಕು ಎಂದು ತಿಳಿಯುತ್ತದೆ. ಹಸಿ ಭತ್ತ ಚೀಲದೊಳಗೆ ಕಾವು ಕಟ್ಟುತ್ತದೆ. ಗೋಣಿ ಮೆತ್ತಗಾಗುತ್ತದೆ. ಮೇಲೆ ಭಾರ ಬಿದ್ದರೆ ಇಡೀ ಲಾಟು ಒಂದು ಪಕ್ಕಕ್ಕೆ ವಾಲುತ್ತದೆ. ಹಮಾಲರಿಗೆಲ್ಲ ಇದು ಗೊತ್ತು. ಮೂರು ವರ್ಷ ಬೆಂಗಳೂರಲ್ಲಿ ಬಿಸಿನೆಸ್ ಓದಿ ಬಂದ ವಿನಯ್‌ಗೆ ಗೊತ್ತಿರಲಿಲ್ಲ.

"ತೇವ ಎಷ್ಟು ಅಂತ ಮೇಡಂ ತೂಕ ಮಾಡುವಾಗಲೇ ಮೀಟರ್ ಇಟ್ಟು ಎಂಟ್ರಿ ಮಾಡಿರ್ತಾರಲ್ಲ" ಎಂದ ಟ್ರೈನರ್.

"ಮೀಟರ್ ಇಡಾದು ಮೇಲಿನ ಚೀಲಕ್ಕೆ ಸಾರ್..."

ಇನ್ನೂ ಒಂದು ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಹಿಂದಿನ ಭಾನುವಾರ ಕೆರೆಬಿಳಚಿ ಕಡೆಯಿಂದ ಎಪ್ಪತ್ತು ಚೀಲ ಬಂದಿದ್ದವು. ಮೇಲಿನವು ಕಟಕಟ ಒಣಗಿದ್ದವು, ಕೆಳಗಿನವಕ್ಕೆ ಕೈ ತೂರಿದರೆ ಬೆಚ್ಚಗೆ. ಅಕಾಲದ ಮಳೆಯಲ್ಲಿ ನೆನೆದ ಭತ್ತ. ಮೀಟರು ಹದಿನಾಲ್ಕು, ಎಂದರೆ ಒಣ ಭತ್ತ, ಎಂದಿತ್ತು, ಅರ್ಪಿತಾ ಹದಿನಾಲ್ಕು ಎಂದು ಒತ್ತಿದ್ದಳು. ಹಮಾಲರಿಗೆ ರಜೆ ಇದ್ದ ದಿನ ಅದು. ನ್ಯಾಮತಿಯ ಇಬ್ಬರು ಕೂಲಿಯವರನ್ನು ಹಿಡಿದುಕೊಂಡು ಕೆಂಚೇಶನೇ ಅವನ್ನು ನಾಲ್ಕನೇ ಲಾಟಿನ ಜಾಗದಲ್ಲಿ ಐದು ವರಸೆ ಒಟ್ಟಿಸಿ, ಬಾಯಿ ಹೊರಗಿಡಿಸಿದ್ದ. ಆ ಎಪ್ಪತ್ತು ಚೀಲದ ಸಂಗತಿ ಬಲ್ಲವನು ಮಿಲ್ಲಿನಲ್ಲಿ ಅವನೊಬ್ಬನೇ. ಅದನ್ನೇ ಹೇಳಬೇಕೆನ್ನುವಷ್ಟರಲ್ಲಿ ವಿನಯ್ ಪೆನ್ನು ಚಾಚಿದ್ದ.

ಕೆಂಚೇಶ ಪೆನ್ನು ಮುಟ್ಟಲಿಲ್ಲ. ಕೂತ. ಕಿವಿ ಸುಡುತ್ತಿದ್ದವು. ಓದು ಹತ್ತದೆ ಶಾಲೆ ಬಿಟ್ಟವನಲ್ಲ ಅವನು. ಅಪ್ಪ ಚಿಕ್ಕಹನುಮಂತಪ್ಪ ಇಟ್ಟಿಗೆ ಭಟ್ಟಿಯಲ್ಲಿ ರಕ್ತ ಕಾರಿಕೊಂಡು ಮಲಗಿದ ವರ್ಷ, ಅಪ್ಪನ ಜಾಗದಲ್ಲಿ ನಿಂತು ಇಟ್ಟಿಗೆ ಹೊತ್ತವನು. ಆರನೇ ಕ್ಲಾಸು ಎರಡು ಸಲ ಆದದ್ದೂ ಹಾಗೆಯೇ, ಮೊದಲ ಸಲ ಅಪ್ಪ ಮಲಗಿದಾಗ. ಇದೆಲ್ಲ ದುರುಗಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ತೊಡೆ ತಟ್ಟಿ ನಕ್ಕಿದ್ದ. ವಿನಯ್ ಅಂದದ್ದು ಚರ್ಮದ ಮೇಲೆ ಕೂತಿತು, ಮಾವನ ನಗು ಒಳಗೇ ಇಳಿಯಿತು.

ಮಾರನೆಯ ದಿನದಿಂದ ಚೀಲ ತಿರುಗಿಸುವ ಕೆಲಸ ಶುರುವಾಯಿತು. ಇಡೀ ಗೋಡೌನು ಮಗುಚಿ ಹಾಕಿದಂತಾಯಿತು. ಎರಡು ದಿನ ಹಮಾಲರು ಬೆವರು ಸುರಿಸಿ, ಬೈದುಕೊಂಡು, ಎಲ್ಲ ಬಾಯಿಗಳನ್ನೂ ಹೊರಕ್ಕೆ ಮಾಡಿದರು. ನಾಲ್ಕನೇ ಲಾಟಿನ ಎಪ್ಪತ್ತು ಚೀಲಗಳನ್ನು ಯಾರೂ ತಿರುಗಿಸಬೇಕಾಗಲಿಲ್ಲ, ಬೇರೆಯವರು ಆಗಲೇ ತಿರುಗಿಸಿದ್ದಾರೆ ಎಂದುಕೊಂಡು ಚೀಟಿ ಹೊಲಿದು ಬಿಟ್ಟರು. ಅವು ಮೊದಲೇ ಹೊರಗೆ ಬಾಯಿ ಮಾಡಿ ಕೂತಿದ್ದವು. ಸುತ್ತಲಿನವೆಲ್ಲ ಅವುಗಳಂತೆಯೇ ಆದವು, ಅಷ್ಟೇ.

ನಾಲ್ಕನೇ ಲಾಟಿನಲ್ಲಿ ಹನ್ನೆರಡು ವರಸೆಗೆ ಜಾಗ ಇದೆ ಎಂದು ಪರದೆ ಹೇಳಿತು. ಮೇಲೆ ಏಳು ವರಸೆ ಏರಿತು. ಕೆಂಚೇಶ ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಾಕೆ ನಾನ್ಯಾವನು, ಎಂಟನೇ ಕ್ಲಾಸಿನೋನು ಎಂದುಕೊಂಡ. ಹದಿನೈದು ದಿನಕ್ಕೆ ಭತ್ತ ಕಾವಿಗೆ ಬಣ್ಣ ತಿರುಗುತ್ತದೆ, ಅಕ್ಕಿ ಹಳದಿ ಹಳದಿಯಾಗಿ ಬೀಳುತ್ತದೆ, ಬೆನಕಪ್ಪ ಸಾವ್ಕಾರ್ರು ಅದನ್ನು ಅಂಗೈಯಲ್ಲಿ ಹಿಡಿದು ಮಗನ ಮುಖಕ್ಕೆ ಎಸೆಯುತ್ತಾರೆ, ಆಗ ವಿನಯ್ ಪೆನ್ನು ಹಿಡಿದುಕೊಂಡು ನನ್ನ ಹತ್ತಿರ ಬರಬೇಕು. ದಿನವೂ ಊಟ ಮಾಡುವಾಗ, ಮಲಗುವಾಗ, ಈ ಚಿತ್ರವನ್ನೇ ತಿದ್ದಿ ತಿದ್ದಿ ನೋಡಿಕೊಂಡ. ಆ ಚಿತ್ರದಲ್ಲಿ ಅಕ್ಕಿ ಇತ್ತು, ಸಾವ್ಕಾರ್ರಿದ್ದರು, ವಿನಯ್ ಇದ್ದ. ಲಾಟಿನ ಮೇಲೆ ಯಾರೂ ಇರಲಿಲ್ಲ.

ಹತ್ತೊಂಬತ್ತನೆಯ ದಿನ ಲೋಡು ತುಂಬಲು ಲಾರಿ ಬಂತು. ವಿನಯ್ ತಾನೇ ಗನ್ನು ಹಿಡಿದು ಗೋಡೌನಿಗೆ ಬಂದ. ನಾಲ್ಕನೇ ಲಾಟಿಗೆ ಹಿಡಿದ. ಟಿಕ್ ಎಂದು ಸದ್ದಾಗಿ ಹಸಿರು ದೀಪ ಹತ್ತಿತು.

"ಕ್ಲಿಯರ್ ಐತೆ. ಮೇಲಿಂದ ಇಳಿಸ್ರಿ."

ಅಲ್ಲಿನ ವಾಡಿಕೆಯೆಂದರೆ, ಎತ್ತರದ ಲಾಟಿಗೆ ಹತ್ತುವ ಹಮಾಲ ಗೋಡೌನ್ ನೋಡಿಕೊಳ್ಳುವವನನ್ನು ಒಂದು ಮಾತು ಕೇಳುತ್ತಾನೆ. ಅವನು ಹೂಂ ಅಂದ ಮೇಲೆಯೇ ಕಾಲಿಡುತ್ತಾನೆ. ದುರುಗಪ್ಪ ತಲೆಗೆ ಟವೆಲ್ಲು ಸುತ್ತಿಕೊಂಡು, ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿ, ಅಭ್ಯಾಸಬಲದಿಂದ ಇತ್ತ ತಿರುಗಿದ.

"ಹತ್ತಲೇನಲೇ ಕೆಂಚಾ?"

ಕೆಂಚೇಶ ಲಾಟಿನ ಬುಡ ನೋಡಿದ. ಕೆಳಗಿನ ವರಸೆಯ ಮೂಲೆಯ ಚೀಲ ಹೊಟ್ಟೆ ಬಿಟ್ಟುಕೊಂಡಿತ್ತು. ಮುಗ್ಗಿದ ವಾಸನೆ ಎರಡು ದಿನದಿಂದ ಅವನ ಮೂಗಿಗೆ ಬರುತ್ತಲೇ ಇತ್ತು.

"ನನ್ನ ಯಾಕ್ ಕೇಳ್ತಿ ಮಾವ? ನಾನೇನ್ ಓದಿದೋನಾ? ಆ ಗನ್ನು ಕೇಳು."

"ಅಯ್ಯ ಇವ್ನ! ಇನ್ನಾ ಮುನಿಸು ಇಳಿದಿಲ್ವೇನಲೇ? ಹೊಸ ಮದ್ಲಿಂಗಿತ್ತಿನೂ ಇಷ್ಟು ದಿನ ಮುಖ ತಿರುಗಿಸ್ಕಂಡಿರಾಕಿಲ್ಲ" ಎಂದ ದುರುಗಪ್ಪ. ಉಳಿದವರು ನಕ್ಕರು. ನಗುತ್ತಲೇ ಅವನು ಚೀಲಗಳ ಸಂದಿಗೆ ಕಾಲ್ಬೆರಳು ಕೊಟ್ಟು, ಐವತ್ತೆರಡರ ವಯಸ್ಸಲ್ಲೂ ಅಳಿಲಿನಂತೆ ಸರಸರ ಹತ್ತಿ ಹೋದ.

ಮಾವಾ, ಇಳಿ ಎನ್ನಲು ಕೆಂಚೇಶನಿಗೆ ಹೊತ್ತು ಇತ್ತು. ಹನ್ನೆರಡು ವರಸೆ ಹತ್ತುವಷ್ಟು ಹೊತ್ತು.

ಮೊದಲ ಚೀಲಕ್ಕೆ ಕೊಕ್ಕೆ ಹಾಕಿ ಎಳೆದಾಗ ಬುಡದಲ್ಲಿ ಗೋಣಿ ಹರಿದ ಸದ್ದಾಯಿತು. ಆಮೇಲೆ ಆದದ್ದೆಲ್ಲ ಮೆಲ್ಲಗೆ ಆದಂತೆ ಕಂಡಿತು. ಲಾಟು ಬಾಗಿತು. ಮೇಲಿದ್ದ ಮನುಷ್ಯ ಎರಡೂ ಕೈ ಚಾಚಿದ. ಧೂಳೆದ್ದಿತು. ಚೀಲಗಳನ್ನು ಎಳೆದೆಸೆದು ಅವನನ್ನು ಹೊರಗೆ ತೆಗೆಯುವ ಹೊತ್ತಿಗೆ ಎಲ್ಲರ ಮೈಗೂ ಬೆಚ್ಚಗಿನ, ಮೊಳಕೆ ಒಡೆದ ಭತ್ತ ಅಂಟಿಕೊಂಡಿತ್ತು.

ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಡಾಕ್ಟರು ದುರುಗಪ್ಪನನ್ನು ಮನೆಗೆ ಕಳಿಸಿದರು. ಸೊಂಟದಿಂದ ಕೆಳಗೆ ಅವನಿಗೆ ಏನೂ ಇರಲಿಲ್ಲ. ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಮಿಲ್ಲಿನವರು ಕಂಪ್ಯೂಟರಿನಿಂದ ಒಂದು ಹಾಳೆ ತೆಗೆದು ತೋರಿಸಿದರು. ನಾಲ್ಕನೇ ಲಾಟು, ತೇವ ಹದಿನಾಲ್ಕು, ಹನ್ನೆರಡು ವರಸೆಗೆ ಅನುಮತಿ. ಎಲ್ಲ ಸರಿಯಾಗಿತ್ತು. ಹಮಾಲ ಬೆಳಿಗ್ಗೆಯೇ ಕುಡಿದು ಬಂದಿದ್ದ, ಅಡ್ಡಾದಿಡ್ಡಿ ಕೊಕ್ಕೆ ಹಾಕಿದ ಎಂದು ವಿನಯ್ ಹೇಳಿಕೆ ಕೊಟ್ಟ. ದುರುಗಪ್ಪ ಜೀವನದಲ್ಲಿ ಕುಡಿದವನಲ್ಲ ಎಂದು ಬಲ್ಲ ಹದಿನೇಳು ಜನ ಹಮಾಲರು ನೆಲ ನೋಡಿಕೊಂಡು ನಿಂತರು. ಅವತ್ತೇ ಕೆಂಚೇಶ ಗೋಡೌನಿನ ಬೀಗದ ಕೈಗೊಂಚಲನ್ನು ವಿನಯ್‌ನ ಟೇಬಲ್ಲಿನ ಮೇಲೆ ಬಡಿದು ಬಂದ.

ಸಿಟ್ಟಿಗೆ ಈಗ ಒಂದು ದಾರಿ ಸಿಕ್ಕಿತ್ತು. ದಾವಣಗೆರೆಯ ಕಾರ್ಮಿಕ ಕಚೇರಿಗೆ ಮೂರು ಸಲ ಹೋದ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಕೂರಿಸಿಕೊಂಡು ಹೇಳಿದರು. "ನೋಡಪ್ಪ, ಅವರ ರೆಕಾರ್ಡಿನಲ್ಲಿ ಭತ್ತ ಒಣಗಿತ್ತು ಅಂತ ಇದೆ. ಬಿದ್ದ ಮೇಲೆ ಎಲ್ಲರೂ ಹಸಿ ಅಂತಾರೆ. ಬೀಳೋಕೆ ಮುಂಚೆ ಅದು ಹಸಿ ಅಂತ ಗೊತ್ತಿದ್ದವನು ಒಬ್ಬ ಬರೆದುಕೊಟ್ಟರೆ ಕೇಸು ನಿಲ್ಲುತ್ತೆ, ಪರಿಹಾರ ಸಿಗುತ್ತೆ. ಮನೆಯವರ ಹೆಬ್ಬೆಟ್ಟೂ ಬೇಕು."

"ನಂಗೊತ್ತಿತ್ತು ಸಾರ್. ನಂಗೊಬ್ಬಂಗೇ ಗೊತ್ತಿತ್ತು" ಎಂದ ಕೆಂಚೇಶ, ಎದೆ ಉಬ್ಬಿಸಿ.

ಹೊನ್ನಾಳಿ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪಾಯಿತು. ಹೊಸ ಇಂಕು ಪ್ಯಾಡು ಕೊಂಡುಕೊಂಡು ಅವನು ದುರುಗಪ್ಪನ ಮನೆಗೆ ಬಂದಾಗ ಬೆಳಗಿನ ಹತ್ತು ಗಂಟೆ. ನಡುಮನೆಯ ಮಂಚದಲ್ಲಿ ದುರುಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ಲಕ್ಷ್ಮಕ್ಕ ಅವನ ಬೆನ್ನಿನ ಹುಣ್ಣಿಗೆ ಪೌಡರು ಹಾಕುತ್ತಿದ್ದಳು.

"ಬಾರಪ್ಪ ಕೆಂಚೇಶಿ, ಕುಂತ್ಕ. ನೀನೊಬ್ಬ ಬರ್ತೀಯ, ಆ ಹದಿನೇಳು ಮಂದಿನಾಗೆ ಒಂದು ನರಪಿಳ್ಳೆ ಈ ಕಡೆ ತಲೆ ಹಾಕಿಲ್ಲ."

"ಅವ್ರ ಮನೆ ಹಾಳಾಗ್ಲಿ ಅತ್ತೆ. ಈ ಸಲ ಆ ವಿನಯ್‌ನ ಬಿಡಾಕಿಲ್ಲ ನಾನು. ಓದ್ತೀನಿ, ಕೇಳಿಸ್ಕ."

ನೆಲದ ಮೇಲೆ ಕೂತು, ಇಂಕು ಪ್ಯಾಡಿನ ಮುಚ್ಚಳ ತೆಗೆದಿಟ್ಟು, ಅವನು ಓದತೊಡಗಿದ. ಹುರುಪಿನಿಂದ, ಒಂದೊಂದು ಅಕ್ಷರಕ್ಕೂ ಒತ್ತು ಕೊಟ್ಟು ಓದಿದ. ಮಿಲ್ಲಿನ ಹೆಸರು ಬಂತು, ತಾರೀಖು ಬಂತು. "ಸದರಿ ನಾಲ್ಕನೇ ಲಾಟಿನ ಬುಡದಲ್ಲಿದ್ದ ಎಪ್ಪತ್ತು ಚೀಲ ಭತ್ತವು ಹಸಿಯಾಗಿತ್ತೆಂಬುದು ಗೋಡೌನ್ ಕೆಲಸಗಾರನಾದ ನನಗೆ ಮೊದಲಿನಿಂದಲೂ ತಿಳಿದಿತ್ತು."

ಲಕ್ಷ್ಮಕ್ಕನ ಕೈ ನಿಂತಿತು.

"ಅದನ್ನ ಇನ್ನೊಂದ್ಸಲ ಓದು."

ಅವನು ಓದಿದ. ಎರಡನೇ ಸಲ ಓದುವಾಗ ದನಿ ನಡುವೆ ಎಲ್ಲೋ ಸಣ್ಣದಾಯಿತು.

"ಮೊದ್ಲಿಂದ್ಲೂ ಅಂದ್ರೆ ಯಾವಾಗಿಂದ? ಅವತ್ತು ಇವ್ರು ಹತ್ತಾಕೆ ಮುಂಚೆಯಿಂದಾನ?"

"ಅತ್ತೆ, ಅದು ಕೇಸಿಗೆ ಹಂಗೆ ಬರೀಬೇಕು..."

"ಕೇಸಿಂದು ಆಮೇಲೆ. ನಾನು ಓದು ಬಾರದೋಳು, ನಂಗೆ ಬಾಯ್ನಾಗೆ ಹೇಳು. ಇವ್ರು ಮೇಲೆ ಹತ್ತೋವಾಗ ನೀನು ಅಲ್ಲೇ ಇದ್ದೆ. ಇದ್ದೆ ತಾನೆ?"

"ಸುಮ್ನಿರೇ" ಎಂದ ದುರುಗಪ್ಪ. ಗೋಡೆಯ ಕಡೆಗಿದ್ದ ಮುಖವನ್ನು ತಿರುಗಿಸಲಿಲ್ಲ, ಇತ್ತ ಮಗ್ಗುಲು ಹೊರಳುವುದು ಅವನ ಕೈಲಾಗುವ ಕೆಲಸವೂ ಆಗಿರಲಿಲ್ಲ. "ಹುಡುಗ ಒಳ್ಳೇದು ಮಾಡಾಕೆ ಬಂದಾನೆ. ಹೆಬ್ಬೆಟ್ಟು ಒತ್ತಿ ಕಳ್ಸು."

"ಒತ್ತುತೀನಿ. ಒತ್ತಲ್ಲ ಅಂದ್ನಾ ನಾನು?" ಲಕ್ಷ್ಮಕ್ಕ ಪೌಡರು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಇಂಕು ಪ್ಯಾಡಿನ ಮುಂದೆ ಬಂದು ಕೂತಳು. ಎಡಗೈ ಹೆಬ್ಬೆರಳನ್ನು ಪ್ಯಾಡಿನ ಮೇಲೆ ಒತ್ತಿದಳು. ಕಾಗದದ ಹತ್ತಿರ ತಂದು ತಡೆದಳು. "ನೀನು ನನ್ನ ಮುಖ ನೋಡಿ ಹೂಂ ಅನ್ನು, ಒತ್ತುತೀನಿ. ಗೊತ್ತಿತ್ತಾ ನಿಂಗೆ?"

ಅವಳ ಹೆಬ್ಬೆರಳಿನ ನೀಲಿ ತುದಿ ಕಾಗದದಿಂದ ಒಂದು ಗೇಣು ಮೇಲಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಕೆಂಚೇಶ ಮಂಚದ ಮೇಲಿನ ಬೆನ್ನನ್ನು ನೋಡಿದ. ಪೌಡರಿನ ಬಿಳುಪಿನ ನಡುವೆ ಹುಣ್ಣು ಕೆಂಪಗಿತ್ತು.

ಅವನು ಎದ್ದ. ಹೆಬ್ಬೆಟ್ಟು ಬೀಳದ ಕಾಗದ ಅಲ್ಲೇ ಇತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಬಲಗಾಲಿನದು ಎಡಗಾಲಿಗೆ ಹೋಯಿತು, ತೆಗೆದು ಸರಿಯಾಗಿ ಮೆಟ್ಟಿಕೊಂಡ. ನಲ್ಲಿ ಬಿಡುವ ಹೊತ್ತು ಅದು. ಹೆಂಗಸರು ಓಣಿಯುದ್ದಕ್ಕೂ ಕೊಡಗಳನ್ನು ಪಾಳಿಗಿಟ್ಟು ಮಾತಾಡುತ್ತ ನಿಂತಿದ್ದರು. ಅವನು ತಲೆ ತಗ್ಗಿಸಿ, ಒಂದು ಕೊಡವನ್ನೂ ತಾಗಿಸದೆ, ಅವುಗಳ ನಡುವೆ ಕಾಲಿಡುತ್ತ ಕಾಲಿಡುತ್ತ ದಾಟಿ ಹೋದ.