ಹೊಟ್ಟೆ ತುಂಬಿದ ಕುರ್ಚಿ

ನಾನು ಒಂದು ಕುರ್ಚಿ. ಮುಖ ನೋಡಿ ಮನುಷ್ಯರನ್ನು ಅಳೆಯುವ ಭಾಗ್ಯ ನನಗಿಲ್ಲ, ಅವರು ನನ್ನತ್ತ ತಿರುಗಿಸುವುದು ಬೆನ್ನು ಮಾತ್ರ. ಆದರೆ ಕೂರುವ ರೀತಿಯಲ್ಲಿ ಯಾರೂ ಸುಳ್ಳು ಹೇಳಲಾರರು. ಗತ್ತಿನವರು ಧೊಪ್ಪನೆ ಬೀಳುತ್ತಾರೆ. ಸಂಕೋಚದವರು ಅಂಚಿನಲ್ಲಿ ಕುಳಿತು, ಬಿಸಿ ತಾಗಿದವರಂತೆ ಎದ್ದುಬಿಡುತ್ತಾರೆ. ನನ್ನ ಬದುಕೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತಿತು: ಒಬ್ಬ ಹಟಮಾರಿ ಮುದುಕಿ ನನ್ನ ಮೇಲೆ ಕೂರುತ್ತಾಳೋ ಇಲ್ಲವೋ. ಆ ಕಥೆಯನ್ನೇ ಹೇಳುತ್ತೇನೆ.

ನನಗೆ ಎರಡು ಹುಟ್ಟು. ಮೊದಲನೆಯದು ಹಳಿಯಾಳದ ಬಡಿಗ ಮೌನೇಶಪ್ಪನ ಅಂಗಳದಲ್ಲಿ. ಅವನು ತೇಗದ ಕಟ್ಟಿಗೆಯಲ್ಲಿ ನನ್ನ ಎಲುಬುಗಳನ್ನು ಮಾಡಿದ. ಅಗಲವಾದ ಕೈಗಳು, ಹಿಂದಕ್ಕೆ ಒರಗಿದ ಬೆನ್ನು, ಬೆನ್ನಿನ ಮೇಲಂಚಿಗೆ ಕೊರೆದ ಮರದ ಜಾಲರಿ. ಆ ಜಾಲರಿ ಮಾತ್ರ ನಮ್ಮ ಸೀಮೆಯದಲ್ಲ. ಓರೆಲಿ ಎಂಬ ಹುಡುಗಿ ಕಾಗದದಲ್ಲಿ ಗೀಚಿಕೊಂಡು ಬಂದಿದ್ದಳು. ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಎಂಬ ದ್ವೀಪವಿದೆ. ಅಲ್ಲಿನ ಹಳೆಯ ಮನೆಗಳ ಸೂರಿನಂಚಿಗೆ ಇಂಥದೇ ಜಾಲರಿ ಇಳಿಬಿಟ್ಟಿರುತ್ತಾರೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರು, ತಮಿಳುನಾಡಿನಿಂದ ಕಬ್ಬು ಕಡಿಯಲು ಬಂದವರು, ಫ್ರಾನ್ಸಿನಿಂದ ಯಜಮಾನಿಕೆ ಮಾಡಲು ಬಂದವರು, ಎಲ್ಲರ ನೆತ್ತರು, ಮಾತು, ಅಡುಗೆ ಬೆರೆತು ಅಲ್ಲಿ ಒಂದು ಜನ ಆಗಿದೆ. ಕ್ರಿಯೋಲ್ ಎನ್ನುತ್ತಾರೆ. ಓರೆಲಿ ಆ ಪೈಕಿಯವಳು, ಪೀಠೋಪಕರಣಗಳ ವಿನ್ಯಾಸ ಕಲಿತವಳು.

ಅಷ್ಟು ದೂರದಿಂದ ಅವಳು ಬಂದದ್ದು ಒಂದು ಕೌದಿಗಾಗಿ. ಯಾವುದೋ ಪ್ರದರ್ಶನದಲ್ಲಿ ನಮ್ಮ ಸಿದ್ದಿ ಹೆಂಗಸರು ಹೊಲಿದ ಕೌದಿಯ ಚಿತ್ರ ನೋಡಿ ಅವಳು ಬೆಚ್ಚಿದ್ದಳು. ಅವಳ ಅಜ್ಜಿ ಯೂಜೆನಿಯೂ ಒಂದು ಕಾಲಕ್ಕೆ ಹಳೇ ಬಟ್ಟೆಯ ಚೂರುಗಳನ್ನು ಕೂಡಿಸಿ ಹಾಸಿಗೆ ಹೊಲಿಯುತ್ತಿದ್ದಳು. ಅವರ ಕಡೆ ಅದಕ್ಕೆ ಭಿಕ್ಷುಕರ ಹಾಸು ಎಂದೇ ಹೆಸರು. ಸಿದ್ದಿಗಳ ಹಿರೀಕರೂ ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಹಡಗು ಬೇರೆ, ದಂಡೆ ಬೇರೆ, ಸೂಜಿ ಒಂದೇ ಎಂದುಕೊಂಡು ಹುಡುಗಿ ಹೊರಟುಬಂದಳು.

ಹಾಗೆ ನನ್ನ ಎರಡನೆಯ ಹುಟ್ಟು ಕಾಡಂಚಿನ ಸಿದ್ದಿ ವಾಡದಲ್ಲಿ, ಅಂದರೆ ಅವರ ಕೇರಿಯಲ್ಲಿ, ಆಯಿತು. ನತಾಲಿ ಸಿದ್ದಿ ಎಂಬ ಹೆಂಗಸು ಬಾಗಿಲ ಬೆಳಕಿಗೆ ಕಾಲು ಚಾಚಿ ಕುಳಿತು ನನ್ನ ಮೈಗೆ ಕೌದಿ ಹೊಲಿದಳು. ಹರಿದ ಶಾಲೆಯ ಸಮವಸ್ತ್ರದ ನೀಲಿ, ಗಂಡನ ಲುಂಗಿಯ ಚೌಕಳಿ, ತಂಗಿಯ ಮದುವೆಯ ಕುಪ್ಪಸದ ಕೆಂಪು, ಎಲ್ಲ ನನ್ನ ಮೇಲೆ ಬಂದವು. ಸಿದ್ದಿಗಳ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂ ಇಡಲೇಬೇಕು, ಇಲ್ಲದಿದ್ದರೆ ಕೌದಿ ಬತ್ತಲೆ. ಕೊನೆಗೆ ನಡುವಿನಲ್ಲಿ ಅಂಗೈಯಗಲ ಜಾಗ ಉಳಿದಾಗ ಅದರೊಳಗೆ ಒಂದಿಷ್ಟು ಕಾಳು ಅಕ್ಕಿ ಹಾಕಿ ಮುಚ್ಚುತ್ತಾರೆ. ಕೌದಿಗೂ ಹೊಟ್ಟೆ ಇದೆ, ಅದು ಹಸಿದಿರಬಾರದು ಎಂದು.

ಇದು ಗೊತ್ತಾದ ದಿನ ಓರೆಲಿ ಗಾಬರಿಯಾದಳು. ನತಾಲಿಯ ಅಕ್ಕನ ಮಗಳು ಲೂಸಿಯಾ ಅವಳ ಇಂಗ್ಲಿಷ್ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದಳು.

"ಮಾವಶಿ, ಇದರಾಗ ಅಕ್ಕಿ ಹಾಕಬ್ಯಾಡಂತ. ಅವರ ಬಂದರದಾಗ ಕಾಳುಕಡಿ ಒಳಗ ಬಿಡೂದಿಲ್ಲಂತ. ಸಿಕ್ಕರ ಸುಟ್ಟೇ ಬಿಡ್ತಾರಂತ."

"ಆತು ತಗೋ, ಹಾಕೂದಿಲ್ಲ," ಎಂದಳು ನತಾಲಿ. ಮೂರು ಸಲ ಹೇಳಿಸಿಕೊಂಡಳು, ಮೂರು ಸಲವೂ ತಲೆಯಾಡಿಸಿದಳು.

ಅದೇ ಸಂಜೆ ಓರೆಲಿ ಫೋನಿನಲ್ಲಿ ನನ್ನನ್ನು ಅಜ್ಜಿಗೆ ತೋರಿಸಿದಳು. ಇಲ್ಲಿ ಒಂದು ಮಾತು: ನಾನು ನತಾಲಿಯ ಮಡಿಲಲ್ಲಿ ಮಾತು ಕಲಿತಿದ್ದು. ಹಾಗಾಗಿ ಯಾರು ಯಾವ ಭಾಷೆಯಲ್ಲಿ ಆಡಿದರೂ ನನ್ನ ಕಿವಿಗೆ ಹಳಿಯಾಳದ ಮಾತಾಗಿಯೇ ಬೀಳುತ್ತದೆ.

"ಹರಕ ಅರಿವಿ ಹೊಲಿಯೂದ ನೋಡಾಕ ಸಮುದ್ರ ದಾಟಿ ಹೋಗಿಯೇನ?" ಎಂದಳು ಯೂಜೆನಿ ಅಜ್ಜಿ. "ನಮ್ಮನ್ಯಾಗಿದ್ದ ಹಾಸು ಎಲ್ಲಾ ನಾನ ಸುಟ್ಟೇನಿ. ಮಂದಿ ಮುಂದ ಅದನ್ನ ಕುರ್ಚಿಗೆ ಹಾಕಿ ಮೆರಸ್ತಿ? ನಾ ಅಂತೂ ಕುಂದ್ರೂದಿಲ್ಲ."

ಹುಡುಗಿಯ ಮುಖ ಸಪ್ಪಗಾಯಿತು. ದ್ವೀಪದಲ್ಲಿ ನಡೆಯಲಿದ್ದ ಪ್ರದರ್ಶನದಲ್ಲಿ ಊರವರು ಮೆಚ್ಚಲಿ ಬಿಡಲಿ, ಅವಳು ನನ್ನನ್ನು ಮಾಡಿಸುತ್ತಿದ್ದದ್ದೇ ಆ ಅಜ್ಜಿ ಕೂರಲಿ ಎಂದು. ಅಜ್ಜಿ ನಾಚಿಕೊಂಡು ಸುಟ್ಟಿದ್ದನ್ನು ಅಜ್ಜಿಗೇ ಮರ್ಯಾದೆಯಿಂದ ಹಿಂದಿರುಗಿಸಬೇಕೆಂಬುದು ಅವಳ ಆಸೆ. ನತಾಲಿ ಅವಳ ಬೆನ್ನು ಸವರಿ, "ಕುಂತೇ ಕುಂದ್ರತಾಳ ಬಿಡ ತಂಗಿ," ಎಂದಳು.

ಮರುದಿನ ನಡುವಿನ ಜಾಗ ಮುಚ್ಚುವ ಹೊತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ನತಾಲಿ ಸೂಜಿಯನ್ನು ಸೆರಗಿಗೆ ಸಿಕ್ಕಿಸಿದಳು. ಆಮೇಲೆ ಎದ್ದು ಒಳಗೆ ಹೋದಳು, ಮುಷ್ಟಿ ಕಟ್ಟಿಕೊಂಡು ಬಂದಳು. ಏಳು ಕಾಳು. "ಇಷ್ಟ ದೂರ ಹೊಂಟೀದಿ, ಬರಿ ಹೊಟ್ಟೀಲೆ ಹೆಂಗ ಕಳಸ್ಲಿ?" ಎಂದು ನನಗೇ ಹೇಳಿ ಹೊಲಿದು ಮುಚ್ಚಿದಳು. ಅವಳು ಮಾಡಿದ್ದು ತಪ್ಪೇ. ಆದರೆ ಆ ತಪ್ಪಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಹಡಗಿನಲ್ಲಿ ಒಂದೂವರೆ ತಿಂಗಳು. ದ್ವೀಪದ ಬಂದರಿನಲ್ಲಿ ತಪಾಸಣೆಯ ಮನುಷ್ಯನೊಬ್ಬ ನನ್ನನ್ನು ಅಂಗೈಯಿಂದ ಇಂಚಿಂಚೂ ಒತ್ತಿ ನೋಡಿದ. ದಪ್ಪ ಮೀಸೆ, ಕಡ್ಡಿ ಮುರಿದಂಥ ಮಾತು. ಅವನ ಬೆರಳು ನನ್ನ ನಡುವಿಗೆ ಬಂದು ನಿಂತಿತು. ಓರೆಲಿಗೆ ಕರೆ ಹೋಯಿತು. ಅವಳು ಅಜ್ಜಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದವಳು, ಅಜ್ಜಿಯ ಸಮೇತ ಹಾಗೇ ಓಡಿಬಂದಳು.

"ಒಳಗ ಅಕ್ಕಿ ಐತಿ," ಎಂದ ಮೀಸೆಯವನು. "ಈಗ ನನ್ನ ಮುಂದ ಬಿಚ್ಚಿ ತೆಗೀರಿ. ಇಲ್ಲಾಂದ್ರ ಬಟ್ಟಿ ಸುಡಬೇಕಾಗ್ತದ."

ಅವನೇ ಕತ್ತರಿ ಕೊಟ್ಟ. ಓರೆಲಿ ಅದನ್ನು ನನ್ನ ಹೊಟ್ಟೆಯ ಮೇಲೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅವಳಿಗೆ ಚಿತ್ರ ಬರೆಯಲು ಬರುತ್ತಿತ್ತು, ಹೊಲಿಯಲು ಬರುತ್ತಿರಲಿಲ್ಲ. ಬಿಚ್ಚಿದರೆ ಮುಚ್ಚುವುದು ಹೇಗೆ? ಕಣ್ಣಲ್ಲಿ ನೀರು ತುಂಬಿಕೊಂಡು ಹಳಿಯಾಳಕ್ಕೆ ಫೋನು ಮಾಡಿದಳು. ಪರದೆಯ ಮೇಲೆ ನತಾಲಿಯ ಮುಖ ಬಂತು, ಪಕ್ಕದಲ್ಲಿ ಲೂಸಿಯಾ.

"ತಪ್ಪಾತ ತಂಗಿ," ಎಂದಳು ನತಾಲಿ. "ಬಾಯಿ ಹ್ಞೂಂ ಅಂತು, ಕೈ ಕೇಳಲಿಲ್ಲ. ಬಿಚ್ಚಿ ತೆಗಿ, ಅಂಜಬ್ಯಾಡ. ಆದ್ರ ಖಾಲಿ ಹೊಟ್ಟಿ ಮ್ಯಾಲೆ ಹೊಲೀಬ್ಯಾಡ. ನಿಮ್ಮೂರ ಅಂಗಡ್ಯಾಗಿನ ಅಕ್ಕಿ ಹಾಕು. ಯಾವೂರಿಗೆ ಹೋದ್ರ ಆ ಊರ ಅನ್ನಾನ ಉಣಬೇಕ."

ಡಾಕ್ಟರು ಹನಿ ಹಾಕಿದ್ದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ಅಜ್ಜಿ ಕೇಳಿದಳು: "ಏನಂತಾಳ ಆಕಿ? ಅರಿವಿ ಒಳಗ ಅಕ್ಕಿ ಯಾಕ?"

"ಹೊದಿಕಿ ಹಸಿದಿರಬಾರದಂತ, ಮೇಮೆ," ಎಂದಳು ಓರೆಲಿ. ಮೇಮೆ ಎಂದರೆ ಅವರಲ್ಲಿ ಅಜ್ಜಿ.

ಮುದುಕಿ ಬೆರಳಿನಿಂದ ನನ್ನ ನಡುವನ್ನು ಮುಟ್ಟಿದಳು. ಆಮೇಲೆ ಬಂದ ದನಿ ಅವಳದೋ ಅಲ್ಲವೋ ಎನ್ನುವಷ್ಟು ಸಣ್ಣಗಿತ್ತು. "ನಾವು ಏಳು ಮಕ್ಕಳು. ಅವ್ವ ಅಂಥಾ ಹಾಸಿನ ಮ್ಯಾಲೆ ನಮ್ಮನ್ನ ಖಾಲಿ ಹೊಟ್ಟೀಲೆ ಮಲಗಸ್ತಿದ್ದಳು. ಆ ಹಾಸು ಕಂಡಾಗೆಲ್ಲಾ ನನಗ ಹಸಿವು ನೆನಪಾಗ್ತಿತ್ತು. ಅದಕ್ಕ ಸುಟ್ಟೆ. ಈಕಿ ನೋಡು, ಹಾಸಿಗೂ ಉಣ್ಣಸ್ತಾಳ."

ಅವಳು ಕೈ ಚಾಚಿದಳು. "ಕತ್ತರಿ ತಾ ಇಲ್ಲಿ. ಸೂಜಿ ಐತೇನ ಯಾರ ಕಡೆ?"

ಸೂಜಿ ಸಿಕ್ಕಿದ್ದು ಮೀಸೆಯವನ ಮೇಜಿನ ಖಾನೆಯಲ್ಲಿ. ಅಂಗಿಯ ಗುಂಡಿ ಹೊಲಿದುಕೊಳ್ಳಲು ಇಟ್ಟುಕೊಂಡಿದ್ದನಂತೆ. ಅಜ್ಜಿಗೆ ಕಣ್ಣು ಮಂಜು, ಓರೆಲಿಗೆ ಸೂಜಿಯ ಅಭ್ಯಾಸವಿಲ್ಲ. ಕೊನೆಗೆ ಅವನೇ ನಾಲಿಗೆ ತುದಿಗೆ ದಾರ ಒದ್ದೆ ಮಾಡಿ ಪೋಣಿಸಿಕೊಟ್ಟ. ಅಜ್ಜಿ ಬಿಚ್ಚಿ ತೆಗೆದ ಏಳು ಕಾಳುಗಳನ್ನು ಲಕೋಟೆಗೆ ಹಾಕಿ ಮೊಹರು ಒತ್ತಿದ. ಓರೆಲಿ ಎದುರಿನ ಅಂಗಡಿಗೆ ಓಡಿ ಅಕ್ಕಿಯ ಪೊಟ್ಟಣ ತಂದಳು. ಅವನು ಅದನ್ನು ತಿರುಗಿಸಿ ಚೀಟಿ ಓದಿ ಬಿದ್ದು ಬಿದ್ದು ನಕ್ಕ. ಅದೂ ಭಾರತದ ಅಕ್ಕಿಯೇ!

"ನಗ್ತೀರೇನ? ಇದನ್ನ ಹಾಕಬಹುದೋ ಇಲ್ಲೋ?" ಎಂದು ಅಜ್ಜಿ ಗದರಿದಳು.

"ಹಾಕ್ರಿ ಯವ್ವಾ, ಹಾಕ್ರಿ. ಇದಕ್ಕ ಕಾಗದ ಐತಿ."

ಯೂಜೆನಿ ಅಜ್ಜಿ ಕಾಳು ಹಾಕಿ, ಕಣ್ಣು ಮುಚ್ಚಿಕೊಂಡೇ ಹೊಲಿದಳು. ಎಡಗೈ ಬೆರಳು ಮುಂದೆ ಹೋಗಿ ದಾರಿ ಹುಡುಕುವುದು, ಬಲಗೈ ಸೂಜಿ ಹಿಂದೆ ಬರುವುದು. ನಲವತ್ತು ವರ್ಷದಿಂದ ಬಿಟ್ಟಿದ್ದ ಕೆಲಸ. ನತಾಲಿಯ ಸಣ್ಣ ನೇರ ಹೊಲಿಗೆಗಳ ನಡುವೆ ಅವಳವು ದಪ್ಪ, ವಕ್ರ, ಮಳೆಗಾಲದ ಎರೆಹುಳುಗಳಂತೆ. ಪರದೆಯಲ್ಲಿ ನತಾಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ದಾರಕ್ಕೆ ಕೊನೆಯ ಗಂಟು ಬಿದ್ದಾಗ "ಚಲೋ ಕೈ ಐತಿ," ಎಂದಳು. ಲೂಸಿಯಾ ತಿರುಗಿಸಿ ಹೇಳುವ ಮೊದಲೇ ಅಜ್ಜಿ ತಲೆಯಾಡಿಸಿದಳು.

ಅಷ್ಟು ಹೊತ್ತೂ ಅವಳು ನಿಂತೇ ಹೊಲಿದಿದ್ದಳು. ಓರೆಲಿ ಬೇರೆ ಕುರ್ಚಿ ತರಲು ತಿರುಗಿದಳು. ಅಷ್ಟರಲ್ಲಿ ಮುದುಕಿ ನನ್ನ ಕೈಗಳನ್ನು ತಡವಿ, ಹಿಂದೆ ಸರಿದು, ಕುಳಿತೇಬಿಟ್ಟಳು. ಅಂಚಿನಲ್ಲಲ್ಲ, ಪೂರ್ತಿ ಒಳಗೆ, ಭಾರವನ್ನೆಲ್ಲ ನನಗೆ ಬಿಟ್ಟು. ಅಂಥ ಭಾರವನ್ನು ನಾನು ಅದುವರೆಗೆ ಹೊತ್ತಿರಲಿಲ್ಲ. ಓರೆಲಿ ನೆಲದ ಮೇಲೆ ಕುಳಿತು ಅಜ್ಜಿಯ ತೊಡೆಗೆ ಮುಖ ಹಚ್ಚಿ ಅತ್ತಳು. ಮೀಸೆಯವನು ಕಾಗದದಲ್ಲಿ ತಲೆ ಹುದುಗಿಸಿ ಬಹಳ ಕೆಲಸವಿದ್ದವನಂತೆ ನಟಿಸಿದ.

ಪ್ರದರ್ಶನವಾಯಿತು. ಜನ ಬಂದು ಜಾಲರಿಯನ್ನೂ ಹೂವನ್ನೂ ಹೊಗಳಿದರು. ಚೀಟಿಯ ಮೇಲೆ ನತಾಲಿ, ಮೌನೇಶಪ್ಪ, ಓರೆಲಿ ಮೂವರ ಹೆಸರಿತ್ತು. ಅಜ್ಜಿ ಪೆನ್ನು ಕೇಳಿ ಪಡೆದು ನಾಲ್ಕನೆಯದನ್ನು ತಾನೇ ಬರೆದಳು. ಆಮೇಲೆ ಹನ್ನೊಂದು ವರ್ಷ ನಾನು ಅವಳ ಮನೆಯ ಜಗುಲಿಯಲ್ಲಿದ್ದೆ. ಅಲ್ಲಿ ಕುಳಿತೇ ಅವಳು ಮೊಮ್ಮಗಳಿಗೆ ಹೊಲಿಗೆ ಕಲಿಸಿದಳು, ಬೈದು ಬೈದು ಕಲಿಸಿದಳು. ಒಂದು ಏಪ್ರಿಲ್ ತಿಂಗಳಲ್ಲಿ ಆಸ್ಪತ್ರೆಗೆ ಹೋದವಳು ಹಿಂದೆ ಬರಲಿಲ್ಲ.

ಈಗ ನನಗೂ ವಯಸ್ಸಾಯಿತು. ಬಲಗೈ ಅಲುಗುತ್ತದೆ, ಸಮವಸ್ತ್ರದ ನೀಲಿ ಬೆಳ್ಳಗಾಗಿದೆ. ಓರೆಲಿಯ ಕಾರ್ಯಾಗಾರದ ಕಿಟಕಿಯ ಮೂಲೆಯಲ್ಲಿ ಇದ್ದೇನೆ. ನನ್ನನ್ನು ಮಾಡಿದ ಕೈಗಳನ್ನು, ತಡೆದ ಕೈಯನ್ನೂ ಸೇರಿಸಿ, ದಿನಾ ನೆನೆಯುತ್ತೇನೆ. ನತಾಲಿ ಇನ್ನೂ ಫೋನು ಮಾಡುತ್ತಾಳೆ, ಮೊದಲು ನನ್ನ ಕ್ಷೇಮ ಕೇಳುತ್ತಾಳೆ.

ಜಗುಲಿಯ ಆ ದಿನಗಳಲ್ಲಿ ಯಾರಾದರೂ ಬಂದರೆ ಯೂಜೆನಿ ಅಜ್ಜಿ ಕೋಲು ಊರಿಕೊಂಡು ಕಷ್ಟಪಟ್ಟು ಎದ್ದು ನಿಲ್ಲುತ್ತಿದ್ದಳು. ಮರ್ಯಾದೆ ಕೊಡಲು ಎದ್ದಳೆಂದು ಬಂದವರು ಸಂಕೋಚಪಡುತ್ತಿದ್ದರು. ಅವಳು ಕೋಲಿನ ತುದಿಯನ್ನು ನನ್ನ ನಡುವಿಗೆ ಇಟ್ಟು ಹೇಳುತ್ತಿದ್ದಳು: "ಈ ಸೊಟ್ಟ ಹೊಲಿಗಿ ಕಂಡಿರೇನ? ನಂದು."